ಕೂಸು ಯಾವಾಗ ನಡೀತು ಅಂತ ಎಲ್ಲಾರೂ ಕೇಳ್ತೀರಿ, ಮೂರು ತಿಂಗಳದಾಗ ಹೆಂಗ ಆಡ್ತಿತ್ತು ಅಂತ ಯಾರೂ ಕೇಳಂಗಿಲ್ಲ

ಮಾನ್ಯ ಸಂಪಾದಕರೆ,

ನಿಮ್ಮ ಪೇಪರಿನ ಆರೋಗ್ಯದ ಪುಟದಾಗ ಕೂಸು ಎಷ್ಟನೇ ತಿಂಗಳಿಗೆ ಡಬ್ಬ ಬೀಳಬೇಕು, ಎಷ್ಟಕ್ಕ ಕುಂದ್ರಬೇಕು, ಎಷ್ಟಕ್ಕ ನಡೀಬೇಕು ಅಂತ ಒಂದು ಚಾರ್ಟ್ ಬಂದಿತ್ತಲ್ರಿ, ಅದನ್ನ ಮುಂದ ಇಟಗೊಂಡು ನಮ್ಮ ಸ್ಟಾಫ್ ರೂಮಿನಾಗ ಅರ್ಧ ತಾಸು ವಾದ ನಡೀತು. ಸೈನ್ಸ್ ಟೀಚರ್ ಮೊಮ್ಮಗ ಹತ್ತು ತಿಂಗಳಿಗೇ ನಡದು ರೀಲ್ಸ್‌ನಾಗೂ ಬಂದು ಹೋಗ್ಯಾನ, ನಮ್ಮ ಕ್ಲರ್ಕ್ ಮಗಳು ಹದಿನೈದು ತಿಂಗಳಾದ್ರೂ ಗ್ವಾಡಿ ಹಿಡಕೊಂಡ ನಿಂತಾಳ, ಅದಕ್ಕ ಅವರ ಮನಿಯಾಗ ಯಾರಿಗೂ ನಿದ್ದಿ ಇಲ್ಲ. ಅವರಿಗೆ ಮದಲ ಒಂದು ಸಮಾಧಾನದ ಮಾತು ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯವರು ಐದು ದೇಶದ ಮಕ್ಕಳನ್ನ ನೋಡಿ, ಅದರಾಗ ನಮ್ಮ ದಿಲ್ಲಿ ಮಕ್ಕಳೂ ಇದ್ವು, 2006ರಾಗ ಹೇಳಿದ್ದು ಏನಂದ್ರ ಕೈ ಬಿಟ್ಟು ನಡಿಯೋದು 8 ತಿಂಗಳಿಂದ ಹಿಡದು 17 ತಿಂಗಳು ದಾಟೋ ತನಕ ಯಾವಾಗರೆ ಬರಬಹುದು, ಎಲ್ಲಾ ಸರಿನ. ನೂರಕ್ಕ ನಾಕು ಮಕ್ಕಳಂತೂ ಅಂಬೆಗಾಲು ಇಡದನ ಸೀದಾ ಎದ್ದು ನಿಂತಿದ್ವು. ಹಂಗಾಗಿ ಆ ಹುಡುಗಿ ನಡೀತಾಳ, ನಿದ್ದಿ ಮಾಡ್ರಿ. ಜಾತ್ರಿಯಾಗ ತಂದ ಆ ಪ್ಲಾಸ್ಟಿಕ್ ವಾಕರ್ ಮಾತ್ರ ಅಟ್ಟಕ್ಕ ಹಾಕ್ರಿ, ಕೆನಡಾ ದೇಶದಾಗ ಅದನ್ನ ಮಾರೋದನ್ನ 2004ರಾಗ ಬಂದ್ ಮಾಡ್ಯಾರ, ನಾವು ಇನ್ನೂ ಗವಿಮಠದ ಜಾತ್ರಿಯಾಗ ಚೌಕಾಸಿ ಮಾಡಿ ತರ್ತೀವಿ.

ನಾ ಬರಿಯಾಕ ಹತ್ತಿದ್ದು ಆ ಚಾರ್ಟಿನಾಗ ಇಲ್ಲದ ವಿಷಯ. ನಾನು ಡಾಕ್ಟರ್ ಅಲ್ರಿ, ಕುಷ್ಟಗಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನ ಪಿ.ಇ. ಮಾಸ್ತರ, ಸೀಟಿ ಊದಾಕ ಹತ್ತಿ 22 ವರ್ಷ ಆತು. ಎಷ್ಟು ಮಕ್ಕಳ ಕೈಕಾಲು ನೋಡೀನಿ ಲೆಕ್ಕ ಇಲ್ಲ, ಆದ್ರ ನೋಡೋದು ಬ್ಯಾರೆ ತಿಳಿಯೋದು ಬ್ಯಾರೆ ಅಂತ ನನಗ ಒಬ್ಬ ಒಂಬತ್ತನೇ ಕ್ಲಾಸಿನ ಹುಡುಗ ಕಲಿಸಿದ.

ಹುಡುಗ ಮಾತಾಡಾಕ ಚುರುಕು, ಬಾಯಿ ಲೆಕ್ಕ ಪಟ್ ಅಂತ ಹೇಳ್ತಾನ. ಬರೀ ಅಂದ್ರ ಮುಗೀತು. ಒತ್ತಕ್ಷರ ಎಲ್ಲಾ ಗೆರಿ ಕೆಳಗ ಜಾರಿ ಮುಂದಿನ ಸಾಲಿನ ತಲಿ ಮ್ಯಾಲೆ ಕುಂದ್ರತಾವ, ಪೆನ್ನು ಅಷ್ಟು ಒತ್ತಿ ಹಿಡೀತಾನ ಅಂದ್ರ ಹಿಂದಿನ ಹಾಳಿಗೂ ತೂತು. ಖೋ ಖೋದಾಗ ಖೋ ಕೊಟ್ರ ಏಳೂದ್ರಾಗ ಎದುರಿನಾಂವ ಕಂಬ ಸುತ್ತಿ ಹೋಗಿರ್ತಾನ. ಆಗಸ್ಟ್ 15ರ ಪರೇಡ್ ಪ್ರಾಕ್ಟೀಸಿನಾಗ ಬಲಗಾಲು ಎತ್ತಿದ್ರ ಬಲಗೈನ ಮುಂದ ಬರ್ತಿತ್ತು, ಇಡೀ ಸಾಲು ನಗ್ತಿತ್ತು, ನಾ ಬೇಕಂತ ಮಾಡ್ತಾನ ಅಂತ ತಿಳದು ಸೀಟಿ ದಾರಲೆ ಮೀನಖಂಡಕ್ಕ ಎರಡು ಕೊಟ್ಟೆ. ಹೊಡಿಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಾಗ 17ನೇ ಕಲಂ ಐತಿ, ಟ್ರೇನಿಂಗಿನಾಗ ನಾವ ಗಟ್ಟಿಯಾಗಿ ಓದಿ ಬಂದೀವಿ, ಆದ್ರೂ ಕೊಟ್ಟೆ. ಆಮ್ಯಾಲೆ ಹಬ್ಬದ ದಿನ ಧ್ವಜ ಏರಿಸೋಕಿಂತ ಹತ್ತು ನಿಮಿಷ ಮದಲ ನೋಡ್ತೀನಿ, ಸ್ಟೇಜಿನ ಹಿಂದ ಕುಕ್ಕರಗಾಲಾಗ ಕುಂತಾನ, ಬಿಳಿ ಕ್ಯಾನ್ವಾಸ್ ಬೂಟು, ಲೇಸ್ ಎರಡೂ ಕೈಯಾಗ ಹಿಡದು ಒಂದರ ಮ್ಯಾಲೊಂದು ಇಡ್ತಾನ, ಜಾರತೈತಿ, ಮತ್ತ ಇಡ್ತಾನ, ಬೆವರು ಮೂಗಿನ ತುದಿಯಿಂದ ಬೂಟಿನ ಮ್ಯಾಲೆ ಬೀಳಾಕತ್ತಿತ್ತು. ಹದಿನಾಕು ವರ್ಷದ ಹುಡುಗ. ನನ್ನ ನೋಡಿದಾವ್ನ "ಸರ್ ಆತ್ರಿ ಸರ್ ಬಂದ್ನಿ" ಅಂದು ಲೇಸ್ ಬೂಟಿನೊಳಗ ತುರುಕಿ ಓಡಿ ಹೋಗಿ ಸಾಲಿನಾಗ ನಿಂತ. ಬೇಕಂತ ಮಾಡೋ ಹುಡುಗ ಯಾರೂ ನೋಡಲಾರದ ಕಡೆ ಹಂಗ ಕುಂತು ಒದ್ದಾಡಂಗಿಲ್ಲ, ಅಷ್ಟರೆ ಆವತ್ತು ನನ್ನ ತಲಿಗೆ ಹೊಳೀತು.

ಪಾಲಕರ ಮೀಟಿಂಗಿಗೆ ಅವರವ್ವನ್ನ ಕರಸಿದೆ. ಸಂಗಡ ಅವರ ಆಯಿನೂ ಬಂದಿದ್ಲು. ಹುಟ್ಟಿದಾಗ ಏನರೆ ತ್ರಾಸ ಆಗಿತ್ತೇನವ್ವ ಅಂತ ಕೇಳಿದ್ದಕ್ಕ ಆಕಿ ಮರುದಿನ ಪ್ಲಾಸ್ಟಿಕ್ ಕವರಿನಾಗ ಸುತ್ತಿಟ್ಟ ತಾಯಿ ಕಾರ್ಡ್ ತಂದು ತೋರಿಸಿದ್ಲು. ದಿನ ತುಂಬಾಕ ಇನ್ನೂ ಎರಡು ತಿಂಗಳು ಇರೂವಾಗ ಹುಟ್ಟಿದ ಕೂಸು, ಒಂದು ಕಿಲೋ ನಾಕನೂರು ಗ್ರಾಂ, ಹುಟ್ಟಿದ ಕೂಡ್ಲೆ ಅಳಲಿಲ್ಲ, ಹತ್ತೊಂಬತ್ತು ದಿನ ಗಾಜಿನ ಪೆಟಗಿಯಾಗ ಇಟ್ಟಿದ್ರು. ಮನಿಗೆ ಬಂದ ಮ್ಯಾಲೆ ಕೂಸಿಗೆ ಎರಿಯಾಕಿ ಈ ಆಯಿನ. ಕಾಲು ಚಾಚಿ ಕುಂತು ಮೊಣಕಾಲಿನ ಮ್ಯಾಲೆ ಹಾಕ್ಕೊಂಡು ಎಣ್ಣಿ ಹಚ್ಚಿ ಬಲಗೈ ಎಡಗಾಲಿಗೆ, ಎಡಗೈ ಬಲಗಾಲಿಗೆ ಮುಟ್ಟಿಸಿ ತೀಡ್ತಾರಲ್ರಿ, ಹಂಗ ಎಷ್ಟೋ ಕೂಸಿಗೆ ಎರದ ಕೈ ಆಕಿದು. ಆಕಿ ಹೇಳಿದ ಮಾತು ಹೆಂಗಿತ್ತೋ ಹಂಗ ಬರೀತೀನಿ: "ಬ್ಯಾರೆ ಕೂಸು ಕೈಕಾಲು ಬಡಿಯೋದು ನೀರಾಗ ಮೀನು ಹೊಳ್ಳಿದಂಗ ಇರತೈತ್ರಿ ಮಾಸ್ತರ, ಯಾವ ಕಡೆ ಹೊಳ್ಳತೈತಿ ಗೊತ್ತಾಗಂಗಿಲ್ಲ. ಇದು ತೊಗಲಗೊಂಬಿ ಇದ್ದಂಗ ಇತ್ತು. ಕೈ ಎತ್ತೂದು ಬಿಡೂದು, ಎತ್ತೂದು ಬಿಡೂದು, ಮಾಡಿದ್ದ ಮಾಡೂದು." ತೊಗಲಗೊಂಬಿ ಆಟ ನಮ್ಮ ಜಿಲ್ಲಾಕ್ಕ ಹೊಸದಲ್ಲ, ಆಕಿ ಏನ್ ಹೇಳಾಕತ್ತಾಳ ಅಂತ ಕಣ್ಣಿಗೆ ಕಟ್ಟಿದಂಗ ಆತು. ದವಾಖಾನ್ಯಾಗ ಇದನ್ನ ಹೇಳಿದ್ರ ಹಾಲು ಕುಡೀತೈತಿ, ತೂಕ ಏರೈತಿ, ಸುಮ್ನ ಚಿಂತಿ ಮಾಡಬ್ಯಾಡ ಅಂದ್ರಂತ.

ನನ್ನ ಅಕ್ಕನ ಮಗ ಫಿಸಿಯೋಥೆರಪಿ ಓದ್ಯಾನ, ರಾತ್ರಿ ಅವ್ನಿಗೆ ಫೋನ್ ಹಚ್ಚಿ ಈ ಆಯಿ ಹಿಂಗಂದ್ಲು ಅಂತ ನಗಕೋತ ಹೇಳಿದೆ, ಅಂವ ನಗಲಿಲ್ಲ. "ಮಾಮಾ, ಇದನ್ನ ಓದಾಕ ಜನ ಯುರೋಪಿಗೆ ಹೋಗಿ ಟ್ರೇನಿಂಗ್ ತಗೋತಾರ" ಅಂದ. ಆಮ್ಯಾಲೆ ಅಂವ ಒಂದು ತಾಸು ಹೇಳಿದ್ದು, ನಾ ಮುಂದ ಕೆದಕಿ ಓದಿದ್ದು, ಎಲ್ಲಾ ಕೂಡಿಸಿ ಬರೀತೀನಿ, ಸ್ವಲ್ಪ ಉದ್ದ ಆಗತೈತಿ ಕತ್ತರಿ ಹಾಕಬ್ಯಾಡ್ರಿ.

ಹೈಂಜ್ ಪ್ರೆಕ್ಟಲ್ ಅಂತ ಆಸ್ಟ್ರಿಯಾ ದೇಶದ ಒಬ್ಬ ಡಾಕ್ಟರ್ ಇದ್ರು. ಕೂಸು ಸುಮ್ನ ಅಂಗಾತ ಮಲಗಿದಾಗ, ಯಾರೂ ಆಡಿಸಲಾರದಾಗ, ತಾನ ತಾನಾಗಿ ಕೈಕಾಲು ಕುತ್ತಿಗಿ ನಡಾ ಎಲ್ಲಾ ಕೂಡಿ ಹೊಳ್ಳಸ್ತೈತಲ್ಲ, ನಾವು ಅದನ್ನ ಆಟ ಅಂತೀವಿ, ಅವರು ಅದನ್ನ ಮಿದುಳಿನ ಸಹಿ ಅಂತ ಓದಿದ್ರು. ಹೊಟ್ಟ್ಯಾಗ ಇರೂವಾಗನ, ಒಂಬತ್ತು ಹತ್ತು ವಾರಕ್ಕನ ಇದು ಶುರು ಆಗತೈತಿ, ಸ್ಕ್ಯಾನಿಂಗಿನಾಗ ಕಾಣತೈತಿ. ಹುಟ್ಟಿದ ಮ್ಯಾಲೆ ಮದಲ ಎರಡು ತಿಂಗಳು ಹುಳ ಹೊಳ್ಳಿದಂಗ ನಿಧಾನ, ದೊಡ್ಡ ದೊಡ್ಡ ತಿರುವು. ಆಮ್ಯಾಲೆ 9ನೇ ವಾರದಿಂದ ಅದು ಬದಲಾಗತೈತಿ, ಸಣ್ಣ ಸಣ್ಣ, ನಾಜೂಕು, ಕುತ್ತಿಗಿ ಭುಜ ಮಣಿಕಟ್ಟು ಪಾದದ ಕೀಲು ಎಲ್ಲಾ ಕಡೆ ಮಿಣಿಮಿಣಿ ಅನ್ನೋ ಚಲನೆ, ಎಲ್ಲಾ ದಿಕ್ಕಿಗೂ. 12ರಿಂದ 16 ವಾರದಾಗ ಇದು ಜೋರು, 20 ವಾರ ಆದ ಮ್ಯಾಲೆ ಕೂಸು ಬೇಕಂತ ವಸ್ತು ಹಿಡಿಯಾಕ ಹತ್ತತೈತಿ, ಆ ಮಿಣಿಮಿಣಿ ಮಾಯ. ಅಂದ್ರ ಕಿಟಕಿ ತೆರದಿರೋದು ಎರಡು ಎರಡೂವರಿ ತಿಂಗಳು ಅಷ್ಟ.

1997ರಾಗ ಇವರು 130 ಮಕ್ಕಳನ್ನ ಎರಡು ವರ್ಷದ ತನಕ ನೋಡಿ ಬರದಿದ್ದು ಲ್ಯಾನ್ಸೆಟ್ ಅನ್ನೋ ಡಾಕ್ಟರರ ಪತ್ರಿಕೆಯಾಗ ಬಂತು. ಆ ಮಿಣಿಮಿಣಿ ಚಲನೆ ಚಲೋ ಇದ್ದ 70 ಮಕ್ಕಳಾಗ 67 ಮಕ್ಕಳು ಮುಂದ ಸರಿಯಾಗಿದ್ವು, ಅದು ಇಲ್ಲದ ಅಥವಾ ವಿಚಿತ್ರ ಇದ್ದ 60ರಾಗ 57 ಮಕ್ಕಳಿಗೆ ನರದ ತೊಂದರಿ ಬಂತು. ಇದಕ್ಕ ಎಮ್‌ಆರ್‌ಐ ಅಲ್ಲ, ರಕ್ತ ಅಲ್ಲ, ಬರೇ ಮೂರರಿಂದ ಐದು ನಿಮಿಷದ ವಿಡಿಯೋ. ಎಮ್‌ಆರ್‌ಐ ಬ್ಯಾಡ ಅಂತಲ್ಲ, ಎರಡೂ ಕೂಡಿದ್ರ ಸೆರೆಬ್ರಲ್ ಪಾಲ್ಸಿಯನ್ನ, ಅಂದ್ರ ಎಳೇ ಮಿದುಳಿಗೆ ಪೆಟ್ಟು ಬಿದ್ದು ಕೈಕಾಲು ಹತೋಟಿಗೆ ಬರಲಾರದ ತೊಂದರಿಯನ್ನ, ಐದು ತಿಂಗಳ ಒಳಗನ ಗುರುತು ಹಿಡೀಬಹುದು ಅಂತ 2017ರಿಂದ ದೊಡ್ಡ ದೊಡ್ಡ ತಜ್ಞರು ಹೇಳಾಕತ್ತಾರ. ನಮ್ಮಲ್ಲಿ ಎರಡು ವರ್ಷ ಆಗಲಿ ನೋಡೋಣ ಅಂತಾರ.

ಈಗ ನನ್ನ ಹುಡುಗನ ವಿಷಯಕ್ಕ ಬರ್ತೀನಿ, ಯಾಕಂದ್ರ ಅವನಿಗೆ ಸೆರೆಬ್ರಲ್ ಪಾಲ್ಸಿ ಇಲ್ಲ, ಓಡ್ತಾನ, ಸೈಕಲ್ ಹೊಡೀತಾನ, ಹದಿನಾರು ತಿಂಗಳಿಗೆ ನಡದಾನ ಅಂದ್ರ ನಿಮ್ಮ ಚಾರ್ಟಿನ ಪ್ರಕಾರನೂ ಪಾಸ್. ಇಂಥವರದ್ದ ದೊಡ್ಡ ಗುಂಪು. ನಡಿಗಿ ಬರತೈತಿ, ಮಾತು ಬರತೈತಿ, ಆದ್ರ ಕೈಕೆಲಸ, ಮೈ ಬ್ಯಾಲೆನ್ಸ್ ಹಿಡಿಯೋದು, ಎರಡು ಕೆಲಸ ಜೋಡಿಸೋದು ಇದ್ರಾಗ ಒಂದು ಎಳಿ ಕಮ್ಮಿ. ಈ ಚಲನೆಯ ಸಮನ್ವಯದ ತೊಂದರಿ ಸಾಲಿ ಮಕ್ಕಳಾಗ ನೂರಕ್ಕ ಐದಾರು ಜನಕ್ಕ ಇರತೈತಿ ಅಂತಾರ, ದಿನ ತುಂಬದ ಹುಟ್ಟಿದವರಾಗ ಇನ್ನೂ ಜಾಸ್ತಿ. ನೆದರ್ಲೆಂಡ್ಸಿನ ಗ್ರೋನಿಂಗೆನ್ ಊರಿನ ದವಾಖಾನ್ಯಾಗ 1970ರ ದಶಕದಾಗ ಹುಟ್ಟಿದ ಮಕ್ಕಳನ್ನ ಡಾಕ್ಟರರು ಬಿಡದ ಹಿಂದ ಬಿದ್ದು ಒಂಬತ್ತನೇ ವರ್ಷಕ್ಕ, ಹನ್ನೆರಡಕ್ಕ, ಹದಿನಾಕಕ್ಕ ಕರದು ನೋಡಿದ್ರು. ಅಲ್ಲಿ ಸಿಕ್ಕಿದ್ದು ನನಗ ಭಾಳ ವಿಚಿತ್ರ ಅನಿಸಿತು. ಇಂಥ ಸಣ್ಣಪುಟ್ಟ ನರದ ದೋಷ ಸಾಲಿ ವಯಸ್ಸಿನಾಗ ಹೆಚ್ಚಾಗಿ, ಹರೆಯ ಬರೂವಾಗ ಎಷ್ಟೋ ಮಕ್ಕಳಾಗ ತಾನ ಕಮ್ಮಿ ಆಗತೈತಿ. ದೇವರು ಒಂದು ರಿಪೇರಿ ಅವಕಾಶ ಕೊಟ್ಟಂಗ. ಆದ್ರ ಬೆರಳಿನ ನಾಜೂಕು ಕೆಲಸ ಮತ್ತ ಸಮನ್ವಯದ್ದು ಆವಾಗನೂ ಉಳಕೊಂಡ್ರ ಅದನ್ನ ಹಗರಾಗಿ ತಗೋಬಾರದು, ಕಲಿಕಿ ಗಮನ ನಡವಳಿಕಿ ಇವಕ್ಕೂ ಅದಕ್ಕೂ ನಂಟು ಐತಿ ಅಂತ ಅವರು ಹೇಳೋದು.

ಹುಟ್ಟಿದಾಗಿನ ಪೆಟ್ಟು ಎಂಟು ಒಂಬತ್ತನೇ ಕ್ಲಾಸಿಗೆ ಬಂದ ಮ್ಯಾಲೆ ಯಾಕ ಎದ್ದು ಕಾಣತೈತಿ? ಇದು ನನಗ ಮದಲ ಅರ್ಥ ಆಗಿರಲಿಲ್ಲ. ಅಳಿಯ ಹೇಳಿದ್ದು, ಹೊಲಕ್ಕ ನೀರು ಹಾಯಿಸೋ ಕಾಲುವಿ ಮ್ಯಾಲಕಡೆ ಒಡದಿದ್ರ ಮುಂಗಾರಿನಾಗ ಗೊತ್ತಾಗಂಗಿಲ್ಲ, ಬ್ಯಾಸಗಿ ಬೆಳಿ ಹಾಕಿದಾಗ ಟೇಲ್‌ಎಂಡಿನಾಂವಗ ಗೊತ್ತಾಗತೈತಿ. ತುಂಗಭದ್ರಾ ಕಾಲುವಿ ಕೊನಿ ಭಾಗದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ದಿನ ತುಂಬದ ಕೂಸಿನ ಮಿದುಳಿನಾಗ ಪೆಟ್ಟು ಬೀಳೋದು ಹೆಚ್ಚಾಗಿ ಒಳಗಿನ ಬಿಳಿ ಭಾಗಕ್ಕ, ಅಂದ್ರ ಒಂದು ಕಡೆಯಿಂದ ಇನ್ನೊಂದು ಕಡೆ ಸುದ್ದಿ ಒಯ್ಯೋ ವೈರಿಂಗಿಗೆ. ಒಂದನೇ ಎರಡನೇ ಕ್ಲಾಸಿನಾಗ ಹಾಡು, ಚಿತ್ರ, ನಾಕು ಸಾಲು, ಅದು ಹೆಂಗೋ ನಡೀತೈತಿ. ಎಂಟನೇ ಕ್ಲಾಸಿಗೆ ಬಂದ್ರ ಕೇಳಕೋತ ಬರೀಬೇಕು, ಬರಕೋತ ಮುಂದಿಂದು ಯೋಚನಿ ಮಾಡಬೇಕು, ಆರು ವಿಷಯ, ಮೂರು ಭಾಷೆ, ಮೂರು ತಾಸಿನ ಪೇಪರ್, ಜೋಡಿಗೆ ಮೈಯೆಲ್ಲಾ ಉದ್ದಾಗಿ ಕೈಕಾಲು ತಮ್ಮ ಮಾತು ತಾವ ಕೇಳಲಾರದ ವಯಸ್ಸು. ಮಿದುಳಿನ ಮುಂದಿನ ಭಾಗ, ಯೋಜನಿ ಹಾಕೋದು ತಡಕೊಳ್ಳೋದು ಮಾಡೋ ಭಾಗ, ಪೂರ್ತಿ ಮಾಗಾಕ ಇಪ್ಪತ್ತೈದರ ಆಸುಪಾಸು ಆಗತೈತಿ. ಹಂಗಾಗಿ ಅಲ್ಲಿ ಎಳಿ ಕಮ್ಮಿ ಇದ್ದದ್ದು ಕೆಲಸಕ್ಕ ಹಚ್ಚಿದಾಗ ಮಾತ್ರ ಕಾಣೋದು. ಆವಾಗ ನಾವು ಏನಂತೀವಿ? ಸೋಂಬೇರಿ, ಮೊಬೈಲ್ ಹುಚ್ಚು, ಬೇಕಂತ ಮಾಡ್ತಾನ.

ಒಂದು ಸಣ್ಣ ಪರೀಕ್ಷಾ ಯಾರರೆ ಮಾಡಿ ನೋಡ್ರಿ, ನಾ ಮಾಡೀನಿ. ಒಂಬತ್ತನೇ ಕ್ಲಾಸಿನ ಹುಡುಗರನ್ನ ಸಾಲಾಗಿ ನಿಲ್ಲಿಸಿ ಬಲಗೈ ಹೆಬ್ಬೆರಳನ್ನ ಒಂದೊಂದ ಬೆರಳಿಗೆ ಮುಟ್ಟಿಸ್ರಿ, ಹೋಗಿ ವಾಪಸ್ ಬರ್ರಿ, ಎಡಗೈ ಸುಮ್ನ ಬಿಡ್ರಿ ಅಂದೆ. ಎಲ್ಲಾರೂ ಮಾಡಿದ್ರು. ನನ್ನ ಹುಡುಗನ ಎಡಗೈ ಸುಮ್ನ ನಿಲ್ಲಲಿಲ್ಲ, ಬಲಗೈ ಏನ್ ಮಾಡ್ತಿತ್ತೋ ಎಡಗೈ ತೊಡಿ ಪಕ್ಕ ಕದ್ದು ಅದನ್ನ ಮಾಡ್ತಿತ್ತು, ಕನ್ನಡಿಯಾಗ ಕಂಡಂಗ. ನಾಲಿಗಿನೂ ಹೊರಗ ಬಂದು ಬೆರಳಿನ ಜೋಡಿ ಹೊಳ್ಳತಿತ್ತು. ಆರೇಳು ವರ್ಷದ ಮಕ್ಕಳು ಹಿಂಗ ಮಾಡೋದು ಸಹಜ, ಬೆಳಕೋತ ಹೋದಂಗ ಕಮ್ಮಿ ಆಗತೈತಿ, ಹದಿನಾಕಕ್ಕ ಇಷ್ಟು ಜೋರು ಇರಬಾರದು ಅಂತ ಅಳಿಯ ಹೇಳಿದ. ಎರಡು ವರ್ಷ ಇದ ಹುಡುಗನ್ನ ದಿನಾ ನೋಡೀನಿ, ಆ ಎಡಗೈ ನನಗ ಕಂಡಿರಲಿಲ್ಲ.

ಇಷ್ಟು ಓದಿ ಯಾವ ತಾಯಿನೂ ಹೆದರಬ್ಯಾಡ್ರಿ. ಮಿಣಿಮಿಣಿ ಸ್ವಲ್ಪ ಕಮ್ಮಿ ಕಂಡ ಕೂಡ್ಲೆ ಕೂಸಿನ ಹಣಿಬರ ಮುಗೀತು ಅಂತಲ್ಲ. ಬೇಗ ನಿಂತ ಕೂಸು ಐಎಎಸ್ ಆಗತೈತಿ ಅಂತನೂ ಅಲ್ಲ. ಫಿನ್ಲೆಂಡಿನ ಉತ್ತರ ಭಾಗದಾಗ 1966ರಾಗ ಹುಟ್ಟಿದ ಸುಮಾರು 12 ಸಾವಿರ ಮಕ್ಕಳ ಲೆಕ್ಕ ಇಟ್ಟಾರ, ಅದರಾಗ ಕೆಲವರನ್ನ ಮೂವತ್ತು ದಾಟಿದ ಮ್ಯಾಲೆ ಕರದು ಪರೀಕ್ಷೆ ಮಾಡಿದ್ರ ಬೇಗ ನಿಂತವರು ಯೋಚನಿ ಮಾಡಿ ವಿಂಗಡಿಸೋ ಕೆಲಸದಾಗ ಸ್ವಲ್ಪ ಮುಂದ ಇದ್ರು, ಆದ್ರ ಅದು ಗುಂಪಿನ ಲೆಕ್ಕ, ನಿಮ್ಮ ಮನಿ ಕೂಸಿನ ಜಾತಕ ಅಲ್ಲ. ಸೈನ್ಸ್ ಟೀಚರ್ ಇದನ್ನ ಓದಿ ಮತ್ತ ಸ್ಟೇಟಸ್ ಹಾಕಬಾರದು. ನೋಡಬೇಕಾದ ಮಕ್ಕಳು ಯಾರು ಅಂತ ನಮಗ ಗೊತ್ತೇ ಐತಿ, ದಿನ ತುಂಬದ ಹುಟ್ಟಿದವು, ಅಳದ ಹುಟ್ಟಿದವು, ಕಾಮಾಲೆ ಜಾಸ್ತಿ ಆಗಿ ಪೆಟಗಿಯಾಗ ಮಲಗಿ ಬಂದವು. ಅವರ ಹೆಸರು ಊರು ಎಲ್ಲಾ ದವಾಖಾನಿ ರಿಜಿಸ್ಟರಿನಾಗ ಇರತಾವ.

ಮತ್ತ ಎಲ್ಲಿ ತಪ್ಪಿ ಹೋಗ್ತಾರ ಅಂದ್ರ, ಗುಳೆ. ಈ ಹುಡುಗನ ಕತಿನೂ ಅದ. ಕೂಸಿಗೆ ಎರಡು ತಿಂಗಳಾಗಿತ್ತು ಅನ್ನೂದ್ರಾಗ ಗಂಡ ಹೆಂಡತಿ ಬೆಂಗಳೂರಿಗೆ ಗಾರಿ ಕೆಲಸಕ್ಕ ಹೋದ್ರು, ಹನ್ನೊಂದನೇ ಮಾಳಿಗಿ ಕಟ್ಟೋ ಕಡೆ ಎರಡು ಕಂಬಕ್ಕ ಸೀರಿ ಕಟ್ಟಿ ಜೋಲಿಯಾಗ ಕೂಸು. ಜೋಲಿಯಾಗ ಮಲಗಿದ ಕೂಸಿನ ಕೈಕಾಲು ಹೆಂಗ ಆಡ್ತಾವ ಅಂತ ಯಾರಿಗೆ ಕಾಣತೈತ್ರಿ? ಯುಗಾದಿಗೆ ಹೊಳ್ಳಿ ಬಂದಾಗ ಒಂಬತ್ತು ತಿಂಗಳು. ಕೊಪ್ಪಳ, ರಾಯಚೂರು ಜಿಲ್ಲಾದಾಗ ಇಂಥ ಮನಿ ಓಣಿಗೊಂದು ಅದಾವ.

ಯೋಜನಿ ಇಲ್ಲ ಅಂತಲ್ಲ. ಆರ್‌ಬಿಎಸ್‌ಕೆ, ಅಂದ್ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಐತಿ, ಹುಟ್ಟಿನಿಂದ 18 ವರ್ಷದ ತನಕ, ಬೆಳವಣಗಿ ಕುಂಠಿತ ಆಗೋದೂ ಅದರ ಪಟ್ಟಿಯಾಗ ಐತಿ, ಇಂಥ ತೊಂದರಿ ಬೇಗ ಗುರುತು ಹಿಡದು ಉಪಚಾರ ಮಾಡಾಕ ಜಿಲ್ಲಾಕ್ಕೊಂದು ಡಿಇಐಸಿ ಅನ್ನೋ ಕೇಂದ್ರ ಇರಬೇಕು ಅಂತನೂ ಐತಿ. ಆಶಾ ಅಕ್ಕಾರು ಹೆರಿಗಿ ಆದ ಮ್ಯಾಲೆ 42 ದಿನದ ತನಕ ಆರು ಸಲ ಮನಿಗೆ ಬರ್ತಾರ, ಆಮ್ಯಾಲೆ ಮೂರನೇ ತಿಂಗಳಿಗೆ ಬರ್ತಾರ. ನೋಡ್ರಿ, ಆ ಮೂರನೇ ತಿಂಗಳು ಅನ್ನೋದು ಸರಿಯಾಗಿ ಆ ಮಿಣಿಮಿಣಿ ಚಲನೆ ಜೋರು ಇರೋ ಹೊತ್ತು! ಆಕಿ ಕೈಯಾಗ ಮೊಬೈಲ್ ಇರತೈತಿ. ಕೂಸಿಗೆ ಚಡ್ಡಿ ಜುಬ್ಬ ಹಗರು ಮಾಡಿ, ಚಾಪಿ ಮ್ಯಾಲೆ ಅಂಗಾತ ಹಾಕಿ, ಗಿಲಕಿ ಅಲ್ಲಾಡಿಸದ, ಮಾತಾಡಿಸದ, ಅಳದ ಎಚ್ಚರ ಇರೂವಾಗ ಮ್ಯಾಲಿಂದ ಮೂರು ನಿಮಿಷ ವಿಡಿಯೋ ತಗದ್ರ ಮುಗೀತು. ಆಸ್ಟ್ರೇಲಿಯಾದಾಗ ತಂದಿತಾಯಿನ ಮನಿಯಾಗ ಹಿಂಗ ವಿಡಿಯೋ ತಗದು ಆ್ಯಪಿನ್ಯಾಗ ಕಳಸ್ತಾರ. ನೋಡಿ ಹೇಳಾಕ ತರಬೇತಿ ಆದ ಫಿಸಿಯೋ ಅಥವಾ ಮಕ್ಕಳ ಡಾಕ್ಟರ್ ಜಿಲ್ಲಾಕ್ಕ ಒಬ್ಬಿಬ್ರು ಸಾಕು, ಆ ತರಬೇತಿನೂ ವರ್ಷಗಟ್ಲೆದ್ದಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಅದಾವ, ನಮ್ಮ ಕಲ್ಯಾಣ ಕರ್ನಾಟಕಕ್ಕಂತ ಇರೋ 371 ಜೆ ಕಲಮಿನ ಹೆಸರಿನಾಗ ರೊಕ್ಕನೂ ಬರತೈತಿ, ರೋಡಿಗೆ ಹಾಕೋದರಾಗ ಒಂದು ತುಣುಕು ಇದಕ್ಕ ಹಾಕ್ರಿ. ಆಶಾ ಅಕ್ಕಾರಿಗೆ ಇದನ್ನೂ ಪುಕ್ಕಟ ಹೊರಸಬ್ಯಾಡ್ರಿ ಮತ್ತ, ವಿಡಿಯೋಕ್ಕ ಇಷ್ಟು ಅಂತ ಕೊಡ್ರಿ, ರಿಚಾರ್ಜ್ ಮಾಡಿಸ್ರಿ.

ಒಂದು ಹುಷಾರಿ. ದಿನ ತುಂಬದ ಹುಟ್ಟಿದ ಕೂಸಿಗೆ ಹುಟ್ಟಿದ ದಿನದಿಂದ ಮೂರು ತಿಂಗಳು ಲೆಕ್ಕ ಹಾಕಿದ್ರ ತಪ್ಪಾಗತೈತಿ. ಎರಡು ತಿಂಗಳು ಮುಂಚೆ ಹುಟ್ಟಿದ ಕೂಸು ಮೂರನೇ ತಿಂಗಳ ಭೇಟಿಗೆ ನಿಜವಾಗಿ ಒಂದು ತಿಂಗಳದ್ದ ಇರತೈತಿ. ತಾಯಿ ಕಾರ್ಡಿನ್ಯಾಗ ಡಾಕ್ಟರ್ ಬರದ ಹೆರಿಗಿ ದಿನಾಂಕ ಇರತೈತಲ್ಲ, ಅಲ್ಲಿಂದ ಮೂರು ತಿಂಗಳು ಎಣಿಸಬೇಕು. ಪೆಟಗಿಯಿಂದ ಮನಿಗೆ ಕಳಸೂವಾಗ ಆ ತಾರೀಖನ್ನ ಕಾರ್ಡಿನ ಮ್ಯಾಲೆ ಕೆಂಪು ಪೆನ್ನಿನಾಗ ಬರದು ಕೊಟ್ರ ಬೆಂಗಳೂರಿನ ಶೆಡ್ಡಿನಾಗ ಇದ್ರೂ ತಾಯಿನ ವಿಡಿಯೋ ತಗೀತಾಳ.

ನನ್ನ ಹುಡುಗ ಈಗ ಹತ್ತನೇ ಕ್ಲಾಸ್. 2016ರ ವಿಕಲಚೇತನರ ಕಾಯ್ದೆಯಾಗ ಕಲಿಕಾ ನ್ಯೂನತೆ ಅಂತ ಒಂದು ವಿಧ ಐತಿ, ಅದರ ವಿವರಣೆಯಾಗ ಡಿಸ್‌ಗ್ರಾಫಿಯಾ (ಬರಿಯೋ ತೊಂದರಿ), ಡಿಸ್‌ಪ್ರಾಕ್ಸಿಯಾ (ಕೈಕಾಲಿನ ಸಮನ್ವಯದ ತೊಂದರಿ) ಎರಡೂ ಬರತಾವ, ಸರ್ಟಿಫಿಕೇಟ್ ಆದ್ರ ಎಸ್ಎಸ್ಎಲ್‌ಸಿಯಾಗ ಹೆಚ್ಚಿನ ಟೈಮ್ ಸಿಗತೈತಿ. ಅದಕ್ಕ ಓಡಾಡಾಕತ್ತೀವಿ, ಮೂರು ಸಲ ಜೆರಾಕ್ಸ್ ಕೊಟ್ಟೀವಿ. ಖೋ ಖೋಕ್ಕ ಅವನ್ನ ಸ್ಕೋರರ್ ಮಾಡೀನಿ, ಒಂದು ಪಾಯಿಂಟ್ ತಪ್ಪಂಗಿಲ್ಲ. ಲೇಸ್ ಕಟ್ಟಾಕ ಬರತೈತಿ ಈಗ, ಎರಡು ಬಣ್ಣದ ಲೇಸ್ ಹಾಕಿ ಕಲಿಸಿದೆ, ಇಪ್ಪತ್ತಾರು ದಿನ ಹಿಡೀತು.

ಹೊಡದಿದ್ದಕ್ಕ ಏನರೆ ಹೇಳಬೇಕಂತ ಒಂದಿನ ಕರದಿದ್ದೆ, ಅಂವ "ಇರ್ಲಿ ಬಿಡ್ರಿ ಸರ್" ಅಂದು ಹೋದ. ಈ ಪತ್ರ ಬರಿಯಾಕ ಕಾರಣ ಬ್ಯಾರೆ ಐತಿ. ಹುಡುಗನ ಅಕ್ಕನ್ನ ಗಂಗಾವತಿ ಕಡೆ ಕೊಟ್ಟಾರ, ಬಾಣಂತನಕ್ಕ ತವರಿಗೆ ಬಂದಾಳ, ಆಕಿ ಕೂಸೂ ಎಂಟನೇ ತಿಂಗಳದಾಗ ಹುಟ್ಟೈತಿ. ಮತ್ತ ಆಯಿನ ಎರೀತಾಳ. ಹೋದ ಸೋಮವಾರ ಹುಡುಗ ಸಾಲಿಗೆ ಬರೂವಾಗ ಅವ್ವನ ಫೋನ್ ತಂದಿದ್ದ, ಚಾಪಿ ಮ್ಯಾಲೆ ಅಂಗಾತ ಮಲಗಿದ ಕೂಸಿನ ಮೂರು ನಿಮಿಷ ಹತ್ತು ಸೆಕೆಂಡಿನ ವಿಡಿಯೋ, ಅವನ ತಗದಾನ, ಕೈ ಅಲ್ಲಾಡಬಾರದಂತ ಫೋನನ್ನ ಸ್ಟೂಲಿನ ಮ್ಯಾಲೆ ಡಬ್ಬಿಗೆ ಆನಿಸಿ ಇಟ್ಟಾನ. "ಆಯಿ ಈ ಸಲ ಮೀನು ಇದ್ದಂಗ ಐತಿ ಅಂತಾಳ್ರಿ ಸರ್, ಆದ್ರೂ ಗೊತ್ತಿದ್ದವರಿಗೆ ತೋರಿಸಬೇಕಂತ. ಯಾರಿಗೆ ಕಳಸ್ಲಿ?" ಅಂದ. ಒಂದು ದವಾಖಾನಿಗೆ ಹೋಗಿ ಕೇಳಿದೆ, ಕೌಂಟರಿನಾಗ ಕೂಸು ಚಲೋ ಐತಲ್ರಿ ಮಾಸ್ತರ ಅಂದ್ರು. ಅಳಿಯ ತಾ ಇದರಾಗ ಟ್ರೇನಿಂಗ್ ಆಗಿಲ್ಲ, ನಾ ಹೇಳಬಾರದು ಅಂತಾನ. ಕಾರ್ಡಿನ ತಾರೀಖಿನಿಂದ ಎಣಿಸಿದ್ರ ಕೂಸಿಗೆ ಈಗ ಹದಿನಾಕನೇ ವಾರ ನಡದೈತಿ, ಇನ್ನ ಆರು ವಾರ ಹೋದ್ರ ವಿಡಿಯೋ ತಗದೂ ಉಪಯೋಗ ಇಲ್ಲ. ನಮ್ಮ ಮೂರು ಜಿಲ್ಲಾದಾಗ ಇದನ್ನ ನೋಡಿ ಹೇಳೋರು ಯಾರಿದ್ರೂ ಅವರು ಎಲ್ಲಿ ಸಿಗ್ತಾರ ಅಂತ ದಯವಿಟ್ಟು ನಿಮ್ಮ ಪೇಪರಿನಾಗ ಹಾಕ್ರಿ, ಈ ವಾರನ ಹಾಕ್ರಿ.

ಇಂತಿ,
ಒಬ್ಬ ಪಿ.ಇ. ಮಾಸ್ತರ
ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ